ಸಹಾಯ ಬೇಕು: ವಿದ್ಯಾನಗರದಲ್ಲಿ ಹಿರಿಯರಿಗೊಂದು ಪುಟ್ಟ ಆರೈಕೆ ಮನೆ

ದಾವಣಗೆರೆಯ ಬಂಧುಗಳಿಗೆ ನಮಸ್ಕಾರ. ನಿವೃತ್ತ ನರ್ಸ್ ಆಗಿರುವ ನನ್ನ ಅಕ್ಕ ಮತ್ತು ನಾನು ಸೇರಿ ವಿದ್ಯಾನಗರದ ನಮ್ಮ ಹಳೆಯ ಮನೆಯಲ್ಲಿ ಆರು ಮಂದಿ ಹಿರಿಯರನ್ನು ಇರಿಸಿಕೊಂಡು ನೋಡಿಕೊಳ್ಳಬೇಕೆಂದಿದ್ದೇವೆ. 2007ರ ಹಿರಿಯ ನಾಗರಿಕರ ಕಾಯ್ದೆ ಹೇಳುವುದು ಜಿಲ್ಲೆಗೆ ಒಂದಾದರೂ ವೃದ್ಧಾಶ್ರಮ, ಅದೂ ಕನಿಷ್ಠ 150 ಮಂದಿ ನಿರ್ಗತಿಕ ಹಿರಿಯರಿಗೆ. ಅದು ಬೇಕೇ ಬೇಕು. ಆದರೆ ಮಕ್ಕಳು ದೂರದೂರಿನಲ್ಲಿದ್ದು, ಪರಿಚಿತ ಓಣಿಯನ್ನೂ ಸಂಜೆಯ ಕಟ್ಟೆ ಮಾತನ್ನೂ ಬಿಟ್ಟಿರಲಾರದವರಿಗೆ ಬಡಾವಣೆಯೊಳಗೇ ಜಾಗವಿರಬೇಕು.

ಸದ್ಯದ ದೊಡ್ಡ ತೊಡಕು ಬಚ್ಚಲುಮನೆ. ಬಾಗಿಲು ಎರಡೂವರೆ ಅಡಿ, ಹೊಸ್ತಿಲು ಎತ್ತರ, ನೆಲಕ್ಕೆ ಜಾರುವ ಟೈಲ್ಸ್. ಗಾಲಿಕುರ್ಚಿ ಒಳಗೆ ಹೋಗಿ ತಿರುಗಬೇಕೆಂದರೆ ಗೋಡೆ ಒಡೆಯಲೇಬೇಕು. ಇಂಥ ಕೆಲಸ ಮಾಡಿ ಅನುಭವವಿರುವ ಮೇಸ್ತ್ರಿ ಗೊತ್ತಿದ್ದರೆ ದಯವಿಟ್ಟು ತಿಳಿಸಿ.

ರಾತ್ರಿ ಪಾಳಿಗೆ ಇಬ್ಬರು ಬೇಕು. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆಯಾದರೂ ಮಗ್ಗುಲು ಬದಲಿಸಿ ಮಲಗಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ. ನಿದ್ದೆಗೆಟ್ಟು ಎಚ್ಚರವಿರಬಲ್ಲವರೇ ಬರಲಿ. ಸಂಬಳ ತಡಮಾಡುವುದಿಲ್ಲ.

ಮಹಾನಗರ ಪಾಲಿಕೆಯ ಅನುಮತಿ, ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಕಾಗದಪತ್ರ: ಈ ದಾರಿ ತುಳಿದವರು ಯಾವುದನ್ನು ಮೊದಲು ಮಾಡಿದಿರಿ? ವಾಸದ ಬಡಾವಣೆಯೆಂದು ಅಕ್ಕಪಕ್ಕದವರು ತಕರಾರು ತೆಗೆದಾಗ ಹೇಗೆ ಒಪ್ಪಿಸಿದಿರಿ? ನಮ್ಮ ಎದುರು ಮನೆಯವರಿಗೆ ಆಂಬುಲೆನ್ಸ್ ಸದ್ದಿನದೇ ಚಿಂತೆ. ಅವರೊಡನೆ ಭಾನುವಾರ ಮಾತಾಡಲಿದ್ದೇವೆ, ಅಷ್ಟರೊಳಗೆ ಬರೆದರೆ ಉಪಕಾರ.