ಅಪ್‌ಡೇಟ್: ಸಿಫಿಲಿಸ್ ಟೆಸ್ಟ್ ವಿಡಿಆರ್‌ಎಲ್ 1:32 ಬಂದಿದೆ ಅಂತ ಕೇಳಿದ್ದವನು ನಾನೇ

ಆರು ತಿಂಗಳ ಹಿಂದೆ ಕೇಳಿದ್ದೆ: ಅಂಗೈ, ಅಂಗಾಲಲ್ಲಿ ಕೆಂಪು ಕಲೆ, ಸಿಫಿಲಿಸ್ (ಲೈಂಗಿಕವಾಗಿ ಹರಡೋ ಸೋಂಕು) ನೋಡೋ ರಕ್ತ ಪರೀಕ್ಷೆ ವಿಡಿಆರ್‌ಎಲ್ 1:32, ಅದನ್ನ ಖಚಿತಪಡಿಸೋ ಟಿಪಿಎಚ್‌ಎ ಟೆಸ್ಟೂ ಪಾಸಿಟಿವ್, ಮುಂದೇನು ಅಂತ. ನೀವೆಲ್ಲ ಹೇಳಿದ ಹಾಗೆ ದಾವಣಗೆರೆಯಲ್ಲೇ ಲೈಂಗಿಕ ಸೋಂಕುಗಳಿಗೆ ಚಿಕಿತ್ಸೆ ಕೊಡೋ ಸರ್ಕಾರಿ ಸುರಕ್ಷಾ ಕ್ಲಿನಿಕ್‌ಗೆ ಹೋದೆ. ಎರಡು ಸಲ ಗೇಟಿನ ತನಕ ಹೋಗಿ, ಟೀ ಕುಡಿದು ವಾಪಸ್ ಬಂದಿದ್ದೆ, ಅದು ಬೇರೆ ಮಾತು. ಒಳಗೆ ಯಾರೂ ಮುಖ ಸಿಂಡರಿಸಲಿಲ್ಲ. ಎಚ್‌ಐವಿ ಟೆಸ್ಟೂ ಆಯ್ತು, ನೆಗೆಟಿವ್. ಬೆಂಜಥೀನ್ ಪೆನಿಸಿಲಿನ್ 24 ಲಕ್ಷ ಯೂನಿಟ್, ಎರಡೂ ಕಡೆ ಅರ್ಧರ್ಧ ಚುಚ್ಚಿದರು. ಎರಡು ದಿನ ಬೈಕ್ ಮೇಲೆ ಕೂರೋಕಾಗಲಿಲ್ಲ.

ಹೋದ ವಾರ ಮತ್ತೆ ರಕ್ತ ಕೊಟ್ಟೆ. ವಿಡಿಆರ್‌ಎಲ್ 1:4. ಟಿಪಿಎಚ್‌ಎ ಮಾತ್ರ ಇನ್ನೂ ಪಾಸಿಟಿವ್! ಎದೆ ಧಸಕ್ ಅಂತು. ಡಾಕ್ಟ್ರು ರಿಪೋರ್ಟಿನ ಹಿಂದೆ ಪೆನ್ನಲ್ಲಿ ಬರೆದು ತೋರಿಸಿದರು: 32, 16, 8, 4. "ಇಂಜೆಕ್ಷನ್ ಕೆಲಸ ಮಾಡಿದೆ ಅನ್ನೋಕೆ ಎರಡು ಮೆಟ್ಟಿಲು ಇಳಿದ್ರೆ ಸಾಕಿತ್ತು, ನಿಮ್ದು ಮೂರು ಇಳಿದಿದೆ ನೋಡ್ರಿ." ಟಿಪಿಎಚ್‌ಎ ಬಹಳ ಜನಕ್ಕೆ ಜೀವನಪೂರ್ತಿ ಪಾಸಿಟಿವ್ ಇರುತ್ತಂತೆ, ಅದನ್ನ ನೋಡಿ ಮತ್ತೆ ಇಂಜೆಕ್ಷನ್ ಬೇಡ. ಮುಂದಿನ ಸಲವೂ ಇದೇ ಲ್ಯಾಬ್, ಇದೇ ಟೆಸ್ಟ್. ಆರ್‌ಪಿಆರ್ ಅನ್ನೋ ಇನ್ನೊಂದು ಸಿಫಿಲಿಸ್ ಟೆಸ್ಟಿನ ಅಂಕಿ ಜೊತೆ ಹೋಲಿಸೋ ಹಾಗಿಲ್ಲ.

ಮನೆಯವಳಿಗೂ ಟೆಸ್ಟ್, ಇಂಜೆಕ್ಷನ್ ಎರಡೂ ಆಯ್ತು. ಸೂಜಿಗಿಂತ ಅವಳಿಗೆ ಹೇಳಿದ್ದೇ ಕಷ್ಟ. ಮಾತು ಈಗೀಗ ಶುರುವಾಗಿದೆ.