ಕೀಮೋಗೆ ಮುನ್ನ ತಂಗಿಯ ಅಂಡಾಣು ತೆಗೆದಿಡಲು ಸಮಯವಿದೆಯೇ?

ಪ್ರಶ್ನೆ:
ನನ್ನ ತಂಗಿಗೆ 29 ವರ್ಷ, ಮದುವೆಯಾಗಿಲ್ಲ. ಸ್ತನ ಕ್ಯಾನ್ಸರ್ ಎಂದು ಕಳೆದ ವಾರ ಬಯಾಪ್ಸಿ ವರದಿ ಬಂದಿದ್ದು, ಮೂರು ವಾರಗಳಲ್ಲಿ ಕೀಮೋ ಆರಂಭವಾಗಲಿದೆ. ಕೀಮೋದಿಂದ ಅಂಡಾಶಯಕ್ಕೆ ಹಾನಿಯಾಗಬಹುದೆಂಬ ವಿಷಯ ನಮಗೆ ವೈದ್ಯರಿಂದಲ್ಲ, ಪಕ್ಕದ ಹಾಸಿಗೆಯಲ್ಲಿದ್ದವರಿಂದ ತಿಳಿಯಿತು. "ಮೊದಲು ಜೀವ ಉಳಿಯಲಿ, ಮಕ್ಕಳ ಮಾತು ಆಮೇಲೆ" ಎಂದು ಅಮ್ಮ ಹೇಳುತ್ತಾರೆ. ತಂಗಿ ಮಾತ್ರ ವರದಿಯ ಫೈಲನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕುಳಿತಿರುತ್ತಾಳೆ. ಇಷ್ಟು ಕಡಿಮೆ ಅವಧಿಯಲ್ಲಿ ಅಂಡಾಣುಗಳನ್ನು ತೆಗೆದಿಡಲು ಸಾಧ್ಯವೇ? ಅಂಡಾಣುಗಳನ್ನು ಬೆಳೆಸಲು ಕೊಡುವ ಹಾರ್ಮೋನ್ ಇಂಜೆಕ್ಷನ್‌ನಿಂದ ಗಡ್ಡೆ ಬೆಳೆಯುವುದಿಲ್ಲವೇ?

ಉತ್ತರ 1:
ನಾನು ಐ.ವಿ.ಎಫ್. ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ. ಸಮಯವಿದೆ, ಆದರೆ ಒಂದು ದಿನವನ್ನೂ ಕಳೆಯಬೇಡಿ. ಮುಟ್ಟಿನ ಎರಡನೆಯ ದಿನಕ್ಕಾಗಿ ಕಾಯದೆ ಯಾವ ದಿನದಿಂದಲಾದರೂ ಇಂಜೆಕ್ಷನ್ ಆರಂಭಿಸುವ ಪದ್ಧತಿ ಈಗ ಇರುವುದರಿಂದ, ಸುಮಾರು ಎರಡು ವಾರಗಳಲ್ಲಿ ಕೆಲಸ ಮುಗಿಯುತ್ತದೆ. ಕೆಲವು ಸ್ತನ ಗಡ್ಡೆಗಳನ್ನು ಬೆಳೆಸುವ ಈಸ್ಟ್ರೋಜನ್ ಹಾರ್ಮೋನ್ ಏರದಂತೆ ಲೆಟ್ರೋಜೋಲ್ ಮಾತ್ರೆಯನ್ನು ಜೊತೆಗೇ ಕೊಡುತ್ತಾರೆ. ಆದರೂ ಕ್ಯಾನ್ಸರ್ ವೈದ್ಯರ ಒಪ್ಪಿಗೆ ಇಲ್ಲದೆ ಮುಂದುವರಿಯಬಾರದು. ಅಂಡಾಣುವಿನಲ್ಲಿ ನೀರಿನಂಶ ಬಹಳ, ನಿಧಾನವಾಗಿ ಹೆಪ್ಪುಗಟ್ಟಿದರೆ ಒಳಗೆ ಮೂಡುವ ಮಂಜಿನ ಹರಳುಗಳು ಅದನ್ನು ಸೀಳಿಬಿಡುತ್ತವೆ. ಆದ್ದರಿಂದ ಅದರ ನೀರನ್ನು ಹಂತಹಂತವಾಗಿ ಹೊರತೆಗೆದು, ಎಳೆಯಷ್ಟು ಸಣ್ಣ ಪಟ್ಟಿಯ ತುದಿಗೆ ಏರಿಸಿ, ಮೈನಸ್ 196 ಡಿಗ್ರಿಯ ದ್ರವ ಸಾರಜನಕಕ್ಕೆ ಕ್ಷಣದಲ್ಲಿ ಅದ್ದುತ್ತೇವೆ. ಕರಗಿಸುವಾಗ ಎಲ್ಲವೂ ಉಳಿಯುವುದಿಲ್ಲ, ಉಳಿದವೆಲ್ಲವೂ ಮಗುವಾಗುವುದಿಲ್ಲ. ಇದನ್ನು ತಂಗಿಗೆ ಮೊದಲೇ ತಿಳಿಸಿ.

ಉತ್ತರ 2:
ನಾನು 31ನೇ ವಯಸ್ಸಿನಲ್ಲಿ ಇದೇ ಹಾದಿಯಲ್ಲಿ ನಡೆದವಳು. ಹತ್ತು ದಿನಗಳ ಇಂಜೆಕ್ಷನ್‌ನಿಂದ ಹೊಟ್ಟೆ ಉಬ್ಬಿ ಸೀರೆಯ ನೆರಿಗೆ ನಿಲ್ಲುತ್ತಿರಲಿಲ್ಲ. ಅಂಡಾಣು ತೆಗೆಯುವಾಗ ಅರಿವಳಿಕೆ ಕೊಟ್ಟಿದ್ದರಿಂದ ನೋವು ತಿಳಿಯಲಿಲ್ಲ. ಮದುವೆಯಾಗಿಲ್ಲವೆಂಬ ಕಾರಣಕ್ಕೆ ಹಿಂಜರಿಯಬೇಡಿ, ಸಂತಾನೋತ್ಪತ್ತಿಗೆ ನೆರವಾಗುವ ತಂತ್ರಜ್ಞಾನ ಕುರಿತ 2021ರ ಕಾಯ್ದೆಯ ಪ್ರಕಾರ 21 ವರ್ಷ ದಾಟಿದ ಮಹಿಳೆ ತಾನೇ ಈ ಚಿಕಿತ್ಸೆ ಪಡೆಯಬಹುದು. ಆದರೆ, ತಾನು ಬದುಕುಳಿಯದಿದ್ದರೆ ಅಂಡಾಣುಗಳನ್ನು ಏನು ಮಾಡಬೇಕು ಎಂಬುದನ್ನೂ ಒಪ್ಪಿಗೆ ಪತ್ರದಲ್ಲಿ ಬರೆಯಬೇಕಾಗುತ್ತದೆ. ಆ ಸಾಲಿನ ಮುಂದೆ ನಾನು ಬಹಳ ಹೊತ್ತು ಪೆನ್ನು ಹಿಡಿದು ಕುಳಿತಿದ್ದೆ. ಆಗ ಅಕ್ಕ ಪಕ್ಕದಲ್ಲಿದ್ದಳು, ಏನೂ ಹೇಳಲಿಲ್ಲ. ನೀವೂ ತಂಗಿಯ ಜೊತೆಗಿರಿ, ನಿರ್ಧಾರವನ್ನು ಮಾತ್ರ ಅವಳಿಗೇ ಬಿಡಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ಇವೆರಡನ್ನೂ ತಂಗಿಗೆ ಓದಿ ಹೇಳಿದೆ. "ನಾಳೆಯೇ ಹೋಗೋಣ" ಎಂದಳು. ಅಂಡಾಶಯದಲ್ಲಿ ಅಂಡಾಣುಗಳ ಸಂಗ್ರಹ ಎಷ್ಟಿದೆ ಎಂದು ಅಂದಾಜಿಸುವ ಎ.ಎಂ.ಎಚ್. ಪರೀಕ್ಷೆಗೆ ಬೆಳಿಗ್ಗೆ ರಕ್ತ ಕೊಡಲಿದ್ದಾಳೆ. ಅಮ್ಮನೂ ಬರುತ್ತೇನೆ ಎಂದಿದ್ದಾರೆ.