ಒಂದೇ ಹೈಡ್ರೋಸೈಕ್ಲೋನ್: ಜರಡಿಯಲ್ಲಿ 75 ಮೈಕ್ರಾನ್, ಲೇಸರ್‌ನಲ್ಲಿ 60. ಯಾವುದು ಸರಿ?

ಪ್ರಶ್ನೆ: ನಮಸ್ಕಾರ ಸರ್. ಕಬ್ಬಿಣದ ಅದಿರಿನ ಪ್ಲಾಂಟ್‌ನಲ್ಲಿ ಕೆಲಸ ಮಾಡುತ್ತೇನೆ. ನಮ್ಮ ಹೈಡ್ರೋಸೈಕ್ಲೋನ್‌ನ (ಅದಿರಿನ ಕೆಸರನ್ನು ಸುತ್ತಿಸಿ ಸಣ್ಣ ಕಣ ಮೇಲಿನ ಓವರ್‌ಫ್ಲೋಗೆ, ದಪ್ಪ ಕಣ ಕೆಳಗಿನ ಅಂಡರ್‌ಫ್ಲೋಗೆ ಕಳಿಸುವ ಸಾಧನ) ಡಿ50 (ಅರ್ಧ ಓವರ್‌ಫ್ಲೋಗೆ, ಅರ್ಧ ಅಂಡರ್‌ಫ್ಲೋಗೆ ಹೋಗುವ ಕಣದ ಗಾತ್ರ) ಜರಡಿಯಲ್ಲಿ 75 ಮೈಕ್ರಾನ್ ಬಂತು. ಅದೇ ಸ್ಯಾಂಪಲ್ ಲೇಸರ್ ಯಂತ್ರಕ್ಕೆ ಹಾಕಿದರೆ 60. ಸ್ಪಿಗಾಟ್ (ಸೈಕ್ಲೋನ್‌ನ ಕೆಳಗಿನ ಬಾಯಿ) ಬದಲಾಯಿಸೋಣ ಅನ್ನುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಸ್ಪಿಗಾಟ್ ಈಗಲೇ ಮುಟ್ಟಬೇಡಿ. ಜರಡಿ ಒಣಗಿಸಿ ಹಿಡಿದಿರಾ, ನೀರು ಬಿಟ್ಟು ಹಿಡಿದಿರಾ? ಓವರ್‌ಫ್ಲೋ ಒಣಗಿಸಿದರೆ ಜೇಡಿ ಹೆಂಟೆ ಕಟ್ಟುತ್ತದೆ. ಹೆಂಟೆ ಜರಡಿ ಮೇಲೆ ನಿಂತರೆ ದಪ್ಪ ಕಣ ಅಂತಲೇ ಲೆಕ್ಕ. ದಪ್ಪ ಕಣ ಓವರ್‌ಫ್ಲೋಗೆ ಹೋಗಿದೆ ಅನಿಸಿ ಡಿ50 ಸುಮ್ನೆ ಏರುತ್ತದೆ. 45 ಮೈಕ್ರಾನ್ ಜರಡಿ ಮೇಲೆ ಉಳಿದದ್ದಕ್ಕೆ ನೀರು ಬಿಟ್ಟು ಬೆರಳಲ್ಲಿ ಆಡಿಸಿ ನೋಡಿ. ಕೆಳಗೆ ಕೆಂಪು ನೀರು ಇಳಿಯುತ್ತಿದ್ದರೆ ತಪ್ಪು ಅಲ್ಲೇ ಇದೆ.

ಪ್ರಶ್ನೆ: ಒಣ ಜರಡಿಯೇ ಸರ್. ನೋಡಿದೆ, ಕೆಂಪು ನೀರು ನಿಲ್ಲಲೇ ಇಲ್ಲ! ಫೀಡ್ (ಸೈಕ್ಲೋನ್‌ಗೆ ಹೋಗುವ ಕೆಸರು), ಓವರ್‌ಫ್ಲೋ, ಅಂಡರ್‌ಫ್ಲೋ ಮೂರೂ ಸ್ಯಾಂಪಲ್ ನೀರಲ್ಲಿ ತೊಳೆದು ಮತ್ತೆ ಹಿಡಿದೆ. ಈಗ 55. ಆದರೆ ಲೇಸರ್ 60ರಲ್ಲೇ ಇದೆ.

ಉತ್ತರ: ಒಳ್ಳೆ ಕೆಲಸ ಮಾಡಿದಿರಿ. ಉಳಿದ 5 ಮೈಕ್ರಾನ್‌ಗೆ ಕಣದ ಆಕಾರವೇ ಕಾರಣ ಇರಬಹುದು. ಉದ್ದನೆಯ ಕಣ ನೆಟ್ಟಗೆ ನಿಂತು ಜರಡಿ ಕಣ್ಣಿನಲ್ಲಿ ತೂರಿಬಿಡುತ್ತದೆ. ಲೇಸರ್ ಮಾತ್ರ ಅದನ್ನು ಗುಂಡಗಿನ ಕಣ ಎಂದುಕೊಂಡು ಗಾತ್ರ ಹೇಳುತ್ತದೆ. ಸಾಮಾನ್ಯವಾಗಿ ಜಾಸ್ತಿಯೇ ಹೇಳುತ್ತದೆ.

ಆದರೆ ಸೈಕ್ಲೋನ್ ನೋಡುವುದು ಗಾತ್ರ ಒಂದನ್ನೇ ಅಲ್ಲ, ಕಣ ಎಷ್ಟು ಬೇಗ ತಳಕ್ಕಿಳಿಯುತ್ತದೆ ಅನ್ನುವುದನ್ನು. ಹೆಮಟೈಟ್ (ಕಬ್ಬಿಣದ ಖನಿಜ) ಸಾಂದ್ರತೆ ಸುಮಾರು 5.2, ಸಿಲಿಕಾದ್ದು (ಮರಳಿನ ಖನಿಜ) 2.65. ನೀರಿನ 1 ಕಳೆದರೆ 4.2 ಮತ್ತು 1.65. ಸ್ಟೋಕ್ಸ್ ಲೆಕ್ಕ (ಕಣ ನೀರಲ್ಲಿ ಇಳಿಯುವ ವೇಗದ ಸೂತ್ರ) ಹಿಡಿದರೆ ಹೆಮಟೈಟ್ 50 ಮೈಕ್ರಾನ್‌ನಲ್ಲಿ ಬೇರೆಯಾಗುವ ಕಡೆ ಸಿಲಿಕಾ ಬೇರೆಯಾಗುವುದು 80ರ ಹತ್ತಿರ. ಲೇಸರ್‌ಗೆ ಎರಡೂ ಒಂದೇ. ಅದು ಕೊಡುವುದು ಗಾತ್ರವಾರು ಪರಿಮಾಣ, ಜರಡಿ ಕೊಡುವುದು ತೂಕ. ನಿಮ್ಮ 60 ಎರಡು ಖನಿಜಗಳ ಬೆರಕೆ ಸಂಖ್ಯೆ, ಅಲ್ವಾ? ಹಾಗಾಗಿ ಜರಡಿಯ ಪ್ರತಿ ಭಾಗದಲ್ಲೂ ಕಬ್ಬಿಣದ ಅಂಶ ಪರೀಕ್ಷೆ ಮಾಡಿಸಿ. ನನಗೆ ಡಿ50ಗಿಂತ ಅದೇ ಮುಖ್ಯ.

ಪ್ರಶ್ನೆ: ಹಾಗಾದರೆ ಲೇಸರ್ ಬಿಟ್ಟುಬಿಡಲಾ ಸರ್?

ಉತ್ತರ: ಬೇಡ. 38 ಮೈಕ್ರಾನ್ ಕೆಳಗೆ ಅದು ಬೇಕೇ ಬೇಕು. ಸೋಡಿಯಂ ಹೆಕ್ಸಾಮೆಟಾಫಾಸ್ಫೇಟ್ (ಕಣ ಅಂಟಿಕೊಳ್ಳದಂತೆ ತಡೆಯುವ ರಾಸಾಯನಿಕ) ಹಾಕಿ, ಅಲ್ಟ್ರಾಸಾನಿಕ್ ಕೊಟ್ಟು ಕಣ ಬಿಡಿಸಿ. ಲೇಸರ್ ಯಂತ್ರದ ಪಂಪ್ ವೇಗ ಕಡಿಮೆಯಾದರೆ ಭಾರದ ಹೆಮಟೈಟ್ ತಳದಲ್ಲೇ ಕೂರುತ್ತದೆ, ಗಮನಿಸಿ. ಫೀಡ್, ಓವರ್‌ಫ್ಲೋ, ಅಂಡರ್‌ಫ್ಲೋ ಮೂರನ್ನೂ ಒಂದೇ ವಿಧಾನದಲ್ಲಿ ಅಳೆಯಿರಿ. ಫೀಡ್‌ಗೆ ಜರಡಿ, ಓವರ್‌ಫ್ಲೋಗೆ ಲೇಸರ್ ಅಂತ ಬೆರೆಸಿದರೆ ಲೆಕ್ಕ ಕೂಡುವುದಿಲ್ಲ. ಲಾಗ್‌ಬುಕ್‌ನಲ್ಲಿ ಡಿ50 ಪಕ್ಕ ವಿಧಾನವನ್ನೂ ಬರೆಯಿರಿ. ಕಬ್ಬಿಣದ ಅಂಶ ಬಂದ ಮೇಲೆ ಇಲ್ಲೇ ಹಾಕಿ, ಸ್ಪಿಗಾಟ್ ವಿಷಯ ಆಗ ನೋಡೋಣ.